ಕಿಡಿಯವ್ವ ಸತ್ತ ಮೇಲೆ ರೊಟ್ಟಿ ಬಡಿದದ್ದು

ನಮೋ ಬುದ್ಧಾಯ

ಹೊಸಪೇಟೆ,
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಅಪ್ಪಾಜಿ,

ಮೊಣಕಾಲು ನೋವು ಹೇಗಿದೆ? ಕಂಪ್ಲಿ ಕಡೆ ಭತ್ತದ ಕೊಯ್ಲು ಸುರುವಾಗಿದೆ ಅಂತ ಕೇಳಿದೆ. ಆ ದೂಳಿಗೆ ನಿಮ್ಮ ಕೆಮ್ಮು ಏಳುತ್ತದೆ, ಸಂಜೆ ಹೊಳೆ ಕಡೆ ಹೋಗುವಾಗ ಕಿವಿಗೆ ಟವೆಲ್ ಸುತ್ತಿಕೊಂಡು ಹೋಗಿ. ಬಿ.ಪಿ. ಗುಳಿಗೆ ತಿಂಡಿ ಆದ ಮೇಲೆ, ಮೊದಲಲ್ಲ. ಅಲ್ಲಿ ನಿಮ್ಮಕ್ಕ ಯಮನಮ್ಮತ್ತೆಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ ಕೇಳುತ್ತಲೇ ಇದ್ದೇನೆ. ಪ್ರತಿ ಸಲ ಒಂದೇ ಉತ್ತರ: "ನಿಮ್ಮಪ್ಪ ಚೊಲೋ ಅದಾನವ್ವ. ಎರಡು ರೊಟ್ಟಿ ತಿಂತಾನ, ಹೊಳಿತನಕ ಅಡ್ಡಾಡಿ ಬರ್ತಾನ. ಬಾಯಿ ಮಾತ್ರ ಬಿಡಂಗಿಲ್ಲ. ನಾ ಏನ್ ಅವನ ಹಲ್ಲು ಕಿತ್ತು ಮಾತಾಡಿಸ್ಲೇನು?" ನಿಮ್ಮ ಫೋನು ಇಲ್ಲೇ ಗೂಡಿನಲ್ಲಿ, ಚಾರ್ಜರಿನ ಸಮೇತ, ನೀವು ಬಿಟ್ಟು ಹೋದ ಹಾಗೇ ಇದೆ. ಅದಕ್ಕೇ ಮೂವತ್ತು ಕಿಲೋಮೀಟರ್ ದೂರಕ್ಕೆ ಈ ಕಾಗದ. ಆಡಿದ ಮಾತಿಗೆ ತಲೆ ಅಲ್ಲಾಡಿಸಿ ಎದ್ದು ಹೋಗಬಹುದು, ಬರೆದದ್ದನ್ನು ಓದಿ ಮುಗಿಸಲೇಬೇಕು ಅಂತ ನೀವೇ ಹೇಳುತ್ತಿದ್ದಿರಿ. ಓದಿ ಮುಗಿಸಿ.

ಚಿನ್ನಿಗೆ ಐದೂವರೆ ತಿಂಗಳಾಯಿತು. ಬೋರಲು ಬೀಳುತ್ತಾಳೆ, ಬಿದ್ದ ಮೇಲೆ ತಿರುಗಲು ಬರದೆ ನನ್ನನ್ನೇ ಬೈಯುತ್ತಾಳೆ. ತೂಕ ಆರು ಕಿಲೋ ನಾನೂರು ಗ್ರಾಂ. ಡಾಕ್ಟರು ಸರಿಯಾಗಿದೆ ಅಂದರು, ನಾನು ಎರಡು ಸಲ ಕೇಳಿದೆ, ಎರಡನೇ ಸಲ ಅವರಿಗೆ ಸಿಟ್ಟು ಬಂತು. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ. ಇಪ್ಪತ್ತು ನಿಮಿಷ ಮಲಗುತ್ತಾಳೆ, ಆ ಇಪ್ಪತ್ತು ನಿಮಿಷವೂ ನಾನು ಅವಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿರುತ್ತೇನೆ. ಪಂಪೇಶ್ ಶಿಫ್ಟ್ ಮುಗಿಸಿ ಬಂದವರು, "ಆಕಿ ಉಸಿರಾಡಾಕತ್ತಾಳ, ನೀ ಒಂಚೂರು ಉಸಿರಾಡು" ಅನ್ನುತ್ತಾರೆ. ಅಳಿಯಂದಿರು ನಗಿಸುವುದರಲ್ಲಿ ಜಾಣರು, ಅಂಗಿ ಮಡಚುವುದರಲ್ಲಿ ಅಲ್ಲ. ಅವ್ವ ಹೋಗಿ ನಾಲ್ಕು ವರ್ಷ ಆದ ಮನೆಯಲ್ಲಿ ಬಾಣಂತನ ಯಾರು ಮಾಡುತ್ತಾರೆ ಅಂತ ಓಣಿಯೆಲ್ಲ ಯೋಚನೆ ಮಾಡುತ್ತಿದ್ದಾಗ, ನೀವು ಲುಂಗಿ ಎತ್ತಿ ಕಟ್ಟಿ ಹಂಡೆಗೆ ಬೆಂಕಿ ಹಾಕಿದಿರಿ. ನಿಮ್ಮಷ್ಟು ಖಾರದ ಮೆಣಸಿನ ಸಾರು ಮಾಡುವವರು ಈ ಊರಲ್ಲಿ ಇನ್ನೊಬ್ಬರಿಲ್ಲ, ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ. ಮೂರು ತಿಂಗಳು ಕೂಸಿಗೆ ನೀವೇ ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ನೀರು ಹಾಕಿದಿರಿ. ಆಮೇಲೆ ಒಂದು ಭಾನುವಾರ ಓದುಗರ ಪಂಚಾಯ್ತಿ ಆಯಿತು. ಸೋಮವಾರ ಬೆಳಗ್ಗೆ ಚೀಲ ಹಿಡಿದು ಕಂಪ್ಲಿ ಬಸ್ ಹತ್ತಿಬಿಟ್ಟಿರಿ.

ಆ ಭಾನುವಾರದ ವಿಷಯ ನಾವಿಬ್ಬರೂ ಮಾತಾಡಿಯೇ ಇಲ್ಲ. ಇವತ್ತು ಬರೆಯುತ್ತೇನೆ. ನಿಮಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದರ ಹಿಂದೆ ಒಂದು ಬಂದರೇ ನಾನು ಕಂಡುಹಿಡಿದದ್ದು ನಿಮಗೆ ಕಾಣುತ್ತದೆ. ಹೌದು, ಕಂಡುಹಿಡಿದಿದ್ದೇನೆ. ಗುಮಾನಿ ಅಲ್ಲ, ನನಗೆ ಗಟ್ಟಿಯಾಗಿ ಗೊತ್ತಿದೆ.

ಸಂಡೂರಿನ ಗಣಿಯಲ್ಲಿ ಮೂವತ್ತೊಂದು ವರ್ಷ ಸರ್ವೆ ಕೆಲಸ ಮಾಡಿ, ರಿಟೈರಾದ ಮರುವಾರವೇ ನೀವು 'ಏಳುದುರ್ಗ' ಬರೆಯಲು ಕೂತಿರಿ. ನೀರನ್ನು ಬೆಟ್ಟದೊಳಗೆ ಬೀಗ ಹಾಕಿಟ್ಟ ಅರಸ ತಾಮ್ರಾಕ್ಷ. ಏಳು ಕೋಟೆಗಳ ಏಳು ಕೀಲಿ ಹುಡುಕಿ ಹೊರಟ ಕಮ್ಮಾರರ ಕಿಡಿಯವ್ವ. ಅವಳ ಹಿಂದೆ ಹೆಜ್ಜೆಗೊಂದು ಗುಂಡಿ ಮಾಡುತ್ತ ನಡೆಯುವ ಕಲ್ಲಾನೆ. ಕೋಟೆಗೊಂದು ಭಾಗದಂತೆ ಆರು ಭಾಗ ಅಚ್ಚಾದವು, ಒಂದೊಂದು ಎಂಟುನೂರು ಪುಟ. ಮಾಡಿಸುವುದು ಮುನ್ನೂರು ಪ್ರತಿ. ಕೊಂಡವರು ಓದುವುದಿಲ್ಲ, ಓದುವವರು ಕೊಳ್ಳುವುದಿಲ್ಲ ಅಂತ ನೀವೇ ನಗುತ್ತಿದ್ದಿರಿ. ನಿಜ ಅದು. ಹೊಸಪೇಟೆ, ಹಂಪಿ, ಸಂಡೂರು ಮೂರೂ ಕಡೆ ನಿಮ್ಮ ಓದುಗರು ಓದುವುದು ಒಂದೇ ಒಂದು ಪುಸ್ತಕ: ಬಸ್ಸಿನ ಪ್ರತಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟ್ ಬಸ್ಸಿನ ಗೆಳೆಯರು, ಅಂದರೆ ಪಂಪೇಶ್, ಕ್ರೇನ್ ಆಪರೇಟರ್ ಮಾರುತೇಶ್, ಅವರ ಗುಂಪು, ಪ್ರತಿ ಭಾಗಕ್ಕೆ ಸೇರಿ ಒಂದು ಕೊಳ್ಳುತ್ತಾರೆ. ಬಸ್ಸಿನ ಕಾವಿಗೆ ಅಂಟು ಬಿಟ್ಟು ಹಾಳೆ ಉದುರುತ್ತವೆ ಅಂತ, ಓದುವ ಮೊದಲೇ ರಟ್ಟು ಬಿಚ್ಚಿ, ಅಧ್ಯಾಯ ಮುಗಿಯುವ ಜಾಗ ನೋಡಿ ನಾಲ್ಕು ಕಟ್ಟು ಮಾಡಿ, ಗಾದಿಲಿಂಗಣ್ಣನ ಬೈಂಡಿಂಗ್ ಅಂಗಡಿಯಲ್ಲಿ ದಾರ ಹಾಕಿ ಮತ್ತೆ ಒಂದೇ ಪುಸ್ತಕವಾಗಿ ಹೊಲಿಸುತ್ತಾರೆ. ಹೊಲಿದ ಮೇಲೆ ಅಂಚು ಸಮ ಮಾಡಲು ಕತ್ತರಿಸುವಾಗ ಅಡಿಯಲ್ಲಿದ್ದ ಪುಟದ ಅಂಕೆ ಹಾರಿಹೋಗುತ್ತದೆ. ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ. ನೀವೂ ಅಧ್ಯಾಯಕ್ಕೆ ಅಂಕೆ ಹಾಕುವವರಲ್ಲ, ಹೆಸರು ಇಡುವವರಲ್ಲ. ನಮ್ಮವರಿಗೆ "ಆನಿ ಏಳೋ ಹಾಳಿ", "ರಾಣಿ ತಲಿ ಬೋಳಿಸ್ಕೊಳ್ಳೋ ಹಾಳಿ" ಅಂದರೆ ಸಾಕು. ಎಲ್ಲರ ಕೈ ಸುತ್ತಿ ಬಂದ ಮೇಲೆ ನಮ್ಮ ಬುದ್ಧ ವಿಹಾರದ ಅಂಗಳದಲ್ಲಿ ಪಂಚಾಯ್ತಿ. ಬರೆದವನು ನಡುವೆ ಕೂತು, ಕೊನೆಯವನ ಮಾತು ಮುಗಿಯುವವರೆಗೆ ಬಾಯಿ ಬಿಡಬಾರದು.

ಐದು ಪಂಚಾಯ್ತಿ ನೀವು ಮಂಡಕ್ಕಿ ತಿನ್ನುತ್ತ ಗೆದ್ದಿರಿ. "ಮೂರನೇ ಭಾಗದಾಗ ಬರೀ ನಡಿಯೋದೇ ಆತ್ರಿ, ಓದಿ ಓದಿ ನಮ್ಮ ಚಪ್ಪಲಿ ಸವದ್ವು" ಅಂದಾಗ ನಕ್ಕಿರಿ. "ಯುದ್ಧ ಎರಡು ಹಾಳಿ, ಮಳಿ ಕಾಯೋದು ಎಂಬತ್ತು ಹಾಳಿ! ಇದೇನು ಕಥಿನೋ ನಮ್ಮ ತಾಲ್ಲೂಕೋ?" ಅಂದಾಗ ಇನ್ನೂ ಜೋರಾಗಿ ನಕ್ಕಿರಿ. ಹೆಸರು ನೆನಪಿರುವುದಿಲ್ಲ, ಹಿಂದೆ ಒಂದು ಪಟ್ಟಿ ಹಾಕಿರಿ ಅಂದವರಿಗೆ, ಕೊನೆಗೆ ನಿಮ್ಮ ಸರದಿ ಬಂದಾಗ, "ನಿನ್ನ ಮದುವಿಗೆ ಬಂದ ಬೀಗರ ಹೆಸರು ಹೇಳು, ಆಮ್ಯಾಲ ಪಟ್ಟಿ ಹಾಕ್ತೀನಿ" ಅಂದಿರಿ. ಆರನೇ ಭಾಗದ ಪಂಚಾಯ್ತಿಯಲ್ಲಿ ಸಂಡೂರಿನ ಮೂಕಣ್ಣಕಾಕಾ ಎದ್ದು ನಿಂತರು. ನಿಮ್ಮ ಗಣಿ ಕಾಲದ ಗೆಳೆಯ, ಅವರ ಕ್ಷೌರದ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುವವರಿಗೆಲ್ಲ ನಿಮ್ಮ ಕಥೆ ಪುಕ್ಕಟೆ. "ಕೆಂಚಣ್ಣ, ಕಿಡಿಯವ್ವನ್ನ ನಡು ಪುಸ್ತಕದಾಗ ಕೊಂದಿ. ನಾ ಅಂಗಡಿ ಬಾಗ್ಲಾ ಹಾಕ್ಕೊಂಡು ಅತ್ತೆ. ಐವತ್ತು ಹಾಳಿ ಆದಮ್ಯಾಲ ನೋಡಿದ್ರ ಆಕಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಾಳ! ಕಡೀಕ ಮತ್ತ ಎಲ್ರೂ ಆಕಿ ಸತ್ತಳು ಅಂತ ಅಳ್ತಾರ. ಏನ್ ಬರೀತಿ ಅಂತ ನಿನಗ ಖಬರು ಐತೋ ಇಲ್ಲೋ?" ಹಿಂದಿನಿಂದ ಯಾರೋ, "ವಯಸ್ಸಾತು ಬಿಡ್ರಿ, ತಲಿ ಜಾರ್ಯಾದ" ಅಂದರು. ಕೆಲವರು ನಕ್ಕರು. ನಾನು ಕೂಸು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀವು ಬಸ್ಸಿನ ಪ್ರತಿ ಕೈಗೆ ತೆಗೆದುಕೊಂಡು ಆ ಹಾಳೆ ನೋಡಿದಿರಿ, ಈ ಹಾಳೆ ನೋಡಿದಿರಿ, ಮುಚ್ಚಿಟ್ಟು "ಹೌದು" ಅಂದಿರಿ. ಅಷ್ಟೇ. ನಿಮ್ಮ ಸ್ವಂತ ಪ್ರತಿ ಮನೆಯ ಕಪಾಟಿನಲ್ಲೇ ಇತ್ತು. ಆದರೆ ಅಚ್ಚಾದ ಮೇಲೆ ಪುಸ್ತಕ ತಿರುಗಿ ತೆರೆಯುವುದು ನಿಮ್ಮ ಪದ್ಧತಿಯಲ್ಲ. ಅವತ್ತೂ ತೆರೆಯಲಿಲ್ಲ.

ಮನೆಗೆ ಬಂದು ನೀವು ನನಗೆ ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. "ಮಿತ್ರಾ, ಹೋದ ವಾರ ಗ್ಯಾಸ್ ಹಚ್ಚಿ ಮರತೆ. ಕೂಸಿಗೆ ಎರಡು ಸಲ ನಿಮ್ಮವ್ವನ ಹೆಸರು ಹಿಡಿದು ಕರದೆ. ಈಗ ಇದು. ನನ್ನ ತಲಿ ಹೋಗಾಕತ್ತೈತಿ. ಕೂಸನ್ನ ಇನ್ನ ನನ್ನ ಕೈಯಾಗ ಕೊಡಬ್ಯಾಡ." ಏಳನೇ ಭಾಗದ ಹನ್ನೊಂದು ನೋಟ್‌ಬುಕ್ಕು ತಂದು ನನ್ನ ಮುಂದೆ ಇಟ್ಟು, ಚಿನ್ನಿ ದೊಡ್ಡವಳಾದ ಮೇಲೆ ಹರಿದು ದೋಣಿ ಮಾಡಲಿ ಅಂದಿರಿ. ನನ್ನದು ನಿದ್ದೆಗೆಟ್ಟ ತಲೆ, ಏನು ಹೇಳಬೇಕು ಅಂತ ಹೊಳೆಯುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿತ್ತು.

ನೀವು ಹೋದ ಮೇಲೆ ಓದುಗರು ಸುಮ್ಮನಾಗಿದ್ದಾರೆ ಅಂದುಕೊಂಡಿದ್ದೀರೇನು? ಬಸ್ಸಿನಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷ, ಸತ್ತ ಕಿಡಿಯವ್ವ ತಿರುಗಿ ಬಂದದ್ದು ಏಳನೇ ಕೀಲಿಯ ಮಹಿಮೆ ಅನ್ನುತ್ತದೆ. ಇನ್ನೊಂದು ಪಕ್ಷದ ಪ್ರಕಾರ ಬಂದವಳು ಕಿಡಿಯವ್ವನೇ ಅಲ್ಲ, ಅವಳಿ ತಂಗಿ. ಮಾರುತೇಶ್ ಈ ತಂಗಿಗೆ ಹೆಸರನ್ನೂ ಇಟ್ಟಿದ್ದಾನೆ. ಒಬ್ಬರಂತೂ ರೊಟ್ಟಿ ಬಡಿದದ್ದು ಕಲ್ಲಾನೆಯೇ, ರೂಪ ಬದಲಿಸಿಕೊಂಡಿದೆ, ಅದಕ್ಕೇ ರೊಟ್ಟಿ ದಪ್ಪ ಆಗಿದ್ದು ಅಂತ ವಾದ ಮಾಡಿದರಂತೆ. ಡ್ರೈವರ್ ಯಲ್ಲೇಶಣ್ಣ ದಿನಾ ಗೇಟಿನ ಹತ್ತಿರ ಬಸ್ ನಿಲ್ಲಿಸಿ, "ಇಳೀರಪ್ಪಾ, ಕಿಡಿಯವ್ವ ಸಾಯ್ಲಿ ಬದುಕ್ಲಿ, ನೀವು ಪಂಚ್ ಮಾಡ್ರಿ ಮದ್ಲ" ಅಂತ ಕೂಗಬೇಕಂತೆ. ಬೈಯುವವರೂ ಇದ್ದಾರೆ, ಮುಚ್ಚಿಡುವುದಿಲ್ಲ. ಆರೂ ಭಾಗ ಸೇರಿಸಿ ಮೂರಕ್ಕೆ ಇಳಿಸಿದರೆ ಚೆನ್ನಾಗಿತ್ತು ಅನ್ನುವವರು, ತಾಮ್ರಾಕ್ಷನ ಭಾಷಣ ಬಂದರೆ ಹಾಳೆ ಹಾರಿಸುತ್ತೇವೆ ಅನ್ನುವವರು. ನನ್ನನ್ನು ಕೇಳಿದರೆ ನಾಲ್ಕನೇ ಭಾಗ ಎಳೆದಿದ್ದೀರಿ, ಕೋಟೆಯ ಅಳತೆ ಕೊಡುವಾಗ ಒಳಗಿನ ಸರ್ವೆಯರ್ ಎದ್ದು ಕೂತುಬಿಟ್ಟಿದ್ದಾನೆ. ಆದರೆ ಬೈದವರೆಲ್ಲ ಕೊನೆಗೆ ಕೇಳುವುದು ಒಂದೇ: "ನಿಮ್ಮಪ್ಪ ಏಳನೇದು ಯಾವಾಗ ಕೊಡ್ತಾರ?" ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ, ಚುಚ್ಚುಮದ್ದಿನ ಸಾಲಿನಲ್ಲಿ, ಎಲ್ಲಿ ಹೋದರೂ ಇದೇ.

ನಾನು ಆರನೇ ಭಾಗ ಓದಿರಲಿಲ್ಲ. ಅದು ಅಚ್ಚಾಗಿ ಬಂದಾಗ ನನಗೆ ಒಂಬತ್ತು ತಿಂಗಳು ತುಂಬಿತ್ತು, ಆಮೇಲೆ ಕೂಸು. ಹೋದ ತಿಂಗಳು ಮಾರುತೇಶನಿಂದ ಬಸ್ಸಿನ ಪ್ರತಿ ತರಿಸಿಕೊಂಡೆ. ನಿಮ್ಮ ತಪ್ಪು ಎಲ್ಲಿ ಆಗಿದೆ ಅಂತ ನನ್ನ ಕಣ್ಣಿಂದ ನೋಡಬೇಕಿತ್ತು, ತಪ್ಪೇ ಆಗಿದ್ದರೆ ತಿದ್ದಬಹುದು ಅಂತ. ಹಾಲು ಕುಡಿಸುವಾಗ ಬಲಗೈಯಲ್ಲಿ ಚಿನ್ನಿಯ ತಲೆ, ಎಡಗೈಯಲ್ಲಿ ಪುಸ್ತಕ. ಅಷ್ಟು ದಪ್ಪದ ಪುಸ್ತಕವನ್ನು ಒಂದೇ ಕೈಯಲ್ಲಿ ಹಿಡಿದು ಓದಿದವರಿಗೆ ಗೊತ್ತು, ಎಲ್ಲಿ ಓದುತ್ತಿದ್ದೇವೆ ಅನ್ನುವುದನ್ನು ಮಣಿಕಟ್ಟು ಹೇಳುತ್ತದೆ. ಕಿಡಿಯವ್ವ ಸಾಯುವ ಹಾಳೆಗೆ ಬಂದಾಗ ಎರಡೂ ಕಡೆ ತೂಕ ಸಮ ಇತ್ತು, ಪುಸ್ತಕ ತಾನಾಗಿಯೇ ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿತ್ತು. ಅಳು ಬಂತು, ಅಪ್ಪಾಜಿ. ಅವಳು ಸುತ್ತಿಗೆಯನ್ನು ಕಲ್ಲಾನೆಯ ಕಾಲ ಬಳಿ ಇಟ್ಟು "ಇದನ್ನ ಕಾಯ್ತಾ ಇರು" ಅನ್ನುವಲ್ಲಿ ಅತ್ತುಬಿಟ್ಟೆ. ನಾನು ಅತ್ತದ್ದು ನೋಡಿ ಚಿನ್ನಿಯೂ ಅತ್ತು, ಕುಡಿದ ಹಾಲನ್ನೆಲ್ಲ ಪುಸ್ತಕದ ಮೇಲೆ ಕಕ್ಕಿದಳು.

ಒರೆಸಿ, ಬಸ್ಸಿನ ಪ್ರತಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಮುಂದೇನಾಯಿತು ಅನ್ನುವ ತಡೆಯಲಾರದ ಆಸೆಗೆ ಕಪಾಟಿನಲ್ಲಿದ್ದ ನಿಮ್ಮ ಪ್ರತಿ ತೆಗೆದೆ. ಹೊಸ ಪುಸ್ತಕದ ವಾಸನೆ, ಒಂದು ಹಾಳೆಯೂ ಬಿಡಿಸಿಲ್ಲ. ಕಿಡಿಯವ್ವ ಸಾಯುವ ಜಾಗ ಹುಡುಕಿ ನಡುವೆ ತೆರೆದರೆ ಅಲ್ಲಿ ಇಲ್ಲ. ಹಿಂದೆ ತಿರುಗಿಸಿದೆ, ಇಲ್ಲ. ಮುಂದೆ, ಮುಂದೆ ಹೋದೆ. ಪುಸ್ತಕದ ಮುಕ್ಕಾಲು ದಾಟುವಲ್ಲಿ ಸಿಕ್ಕಿತು. ಎಡಗಡೆ ಭಾರ, ಬಲಗಡೆ ತೆಳು, ಹೆಬ್ಬೆರಳು ಜಾರಿ ಪುಸ್ತಕ ಮುಚ್ಚಿಕೊಳ್ಳುತ್ತಿತ್ತು. ಒಂದು ಕ್ಷಣ ನನ್ನ ತಲೆಯೇ ಹೋಯಿತು ಅಂದುಕೊಂಡೆ. ಬಾಣಂತಿಗೆ ಬುದ್ಧಿ ಮಂಕಾಗುತ್ತದೆ ಅಂತ ಓಣಿಯಲ್ಲಿ ದಿನಾ ಒಬ್ಬರಾದರೂ ಹೇಳುತ್ತಾರೆ. ಆಮೇಲೆ ಎರಡೂ ಪ್ರತಿಯನ್ನು ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು, ಚಿನ್ನಿಯನ್ನು ನಡುವೆ ಮಲಗಿಸಿ, ಅಧ್ಯಾಯಕ್ಕೆ ಅಧ್ಯಾಯ ಹೊಂದಿಸಿ ನೋಡಿದೆ. ಮೂರು ತಾಸು ಹಿಡಿಯಿತು. ನೀವು ಬರೆದದ್ದರಲ್ಲಿ ಒಂದು ಸಾಲೂ ತಪ್ಪಿಲ್ಲ. ಮೊದಲನೇ ಕಟ್ಟು ಆದ ಮೇಲೆ ಎರಡನೇ ಕಟ್ಟಿನಲ್ಲಿ ಕಿಡಿಯವ್ವ ರೊಟ್ಟಿ ಬಡಿಯುತ್ತಾಳೆ, ಮೂರನೇ ಕಟ್ಟಿನ ಕೊನೆಗೆ ಸಾಯುತ್ತಾಳೆ, ನಾಲ್ಕನೆಯದರಲ್ಲಿ ಎಲ್ಲರೂ ಅಳುತ್ತಾರೆ. ಬಸ್ಸಿನ ಪ್ರತಿಯಲ್ಲಿ ಮೊದಲನೆಯದರ ಬೆನ್ನಿಗೇ ಮೂರನೇ ಕಟ್ಟು ಹೊಲಿದುಕೊಂಡಿದೆ, ಎರಡನೆಯದು ಅದರ ಹಿಂದೆ. ಅಂಕೆ ಕತ್ತರಿಸಿ ಹೋಗಿರುವುದರಿಂದ ಯಾರಿಗೂ ತಿಳಿದಿಲ್ಲ. ಅವತ್ತು ನ್ಯಾಯ ಹೇಳಿದ ಅಷ್ಟೂ ಜನ ಓದಿದ್ದು ಆ ಒಂದೇ ಪುಸ್ತಕ. ನಿಮ್ಮ ಕೈಗೆ ಕೊಟ್ಟದ್ದೂ ಅದನ್ನೇ.

ಮರುದಿನ ಎರಡೂ ಪುಸ್ತಕ, ಒಂದು ಕೂಸು ಹೊತ್ತುಕೊಂಡು ಗಾದಿಲಿಂಗಣ್ಣನ ಅಂಗಡಿಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ನಾವು ಹೊಲಿಯೋರ್ರಿ ತಂಗಿ, ಓದೋರಲ್ಲ. ಹೆಂಗ ಕಟ್ಟಿ ಕೊಡ್ತಾರೋ ಹಂಗ ಸೂಜಿ ಹಾಕ್ತೀವಿ" ಅಂದರು. ಕಟ್ಟಿ ಕೊಟ್ಟವರು ಯಾರು ಅಂತ ಈಗ ಹಿಡಿದು ಏನು ಉಪಯೋಗ ಅಂತ ನಾನೇ ಮಾತು ಬದಲಿಸಿದೆ. ದಾರ ಬಿಚ್ಚಿ, ಸರಿಯಾದ ಸಾಲಿನಲ್ಲಿ ಮತ್ತೆ ಹೊಲಿದು ಕೊಟ್ಟಿದ್ದಾರೆ, ಅಂಚಿಗೆ ಈ ಸಲ ಕೈ ಹಚ್ಚಿಲ್ಲ. ಮಾರುತೇಶ್ ಪ್ರತಿ ಹಾಳೆಗೂ ಪೆನ್ನಿನಲ್ಲಿ ಅಂಕೆ ಬರೆಯುತ್ತಿದ್ದಾನೆ. ಅವಳಿ ತಂಗಿ ಕೈ ತಪ್ಪಿದ ದುಃಖ ಅವನಿಗೆ ಇನ್ನೂ ಇಳಿದಿಲ್ಲ.

ಮೊನ್ನೆ ಭಾನುವಾರ ಪಂಪೇಶರನ್ನು ಕರೆದುಕೊಂಡು ಸಂಡೂರಿಗೆ ಹೋದೆ. ಮೂಕಣ್ಣಕಾಕಾಗೆ ನಾನೇ ಹೇಳಬೇಕಿತ್ತು. ಅಂಗಡಿಯಲ್ಲಿ ಒಬ್ಬರ ಅರ್ಧ ಗಡ್ಡ ಆಗಿತ್ತು. ನಿಮ್ಮ ಪ್ರತಿ ತೆರೆದು, ಬಸ್ಸಿನ ಪ್ರತಿಯಲ್ಲಿ ಕಟ್ಟು ಹೇಗೆ ಅದಲುಬದಲಾಗಿತ್ತು ಅಂತ ತೋರಿಸಿದೆ. ಕಾಕಾ ಕತ್ತಿ ಕೆಳಗಿಟ್ಟು ಬೆಂಚಿನ ಮೇಲೆ ಕೂತುಬಿಟ್ಟರು. "ನಲವತ್ತು ವರ್ಷದ ದೋಸ್ತ. ಅಷ್ಟು ಮಂದಿ ಮುಂದ ಖಬರಗೇಡಿ ಅಂದಂಗ ಅಂದುಬಿಟ್ಟೆ. ಅವ ಒಂದು ಮಾತು ಬೈಲಿಲ್ಲವಾ." ಅರ್ಧ ಗಡ್ಡದವರು ಕನ್ನಡಿಯಲ್ಲೇ ನಮ್ಮನ್ನು ನೋಡುತ್ತ, "ಮೂಕಣ್ಣ, ಇನ್ನರ್ಧ ಏಳನೇ ಭಾಗದಾಗ ಮಾಡ್ತಿಯೇನು?" ಅಂದರು. ಕಾಕಾ ನಗಲಿಲ್ಲ. ಹೊರಡುವಾಗ ಚಿನ್ನಿಯ ಕೈಗೆ ಐವತ್ತರ ನೋಟು ತುರುಕಿ, ನಿಮ್ಮಪ್ಪ ಬಂದರೆ ನಾನು ಎಲ್ಲರ ಮುಂದೆ ಮಾತು ಹಿಂದಕ್ಕೆ ತಗೊಳ್ಳುತ್ತೇನೆ, ಬರದಿದ್ದರೆ ಕಂಪ್ಲಿಗೇ ಬಂದು ತಗೊಳ್ಳುತ್ತೇನೆ ಅಂದರು. ಅವರ ಸ್ವಭಾವ ನಿಮಗೆ ಗೊತ್ತು, ಬಂದೇ ಬರುತ್ತಾರೆ.

ನಿನ್ನೆ ಹಂಪಿಗೆ ಹೋಗಿದ್ದೆ. ಬಜಾರಿನ ಕೊನೆಯಲ್ಲಿ ನಿಂಬೆ ಸೋಡಾ ಗಾಡಿ ಇಟ್ಟಿರುವ ಪಕೀರಮ್ಮ, ಮಾರುತೇಶನ ತಾಯಿ, ಗಿರಾಕಿ ಇಲ್ಲದಾಗ ಕಲ್ಲಿನ ಮಂಟಪದ ನೆರಳಲ್ಲಿ ಕೂತು ಆರೂ ಭಾಗ ಓದಿದವಳು. ಅವಳಿಗೂ ತಪ್ಪು ತಿಳಿಸಿ, ಕಿಡಿಯವ್ವ ತಿರುಗಿ ಬರಲೇ ಇಲ್ಲ, ಅದು ಹೊಲಿಗೆಯ ತಪ್ಪು ಅಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಪಕೀರಮ್ಮ ಬಾಟಲಿ ಒರೆಸುತ್ತಿದ್ದ ಬಟ್ಟೆ ಹಿಂಡಿ ಹಾಕಿದಳು. "ನನ್ನ ಮಗಳು ಹೋಗಿ ಎರಡು ವರ್ಷ ಆತವ್ವ. ಅಲ್ಲಿಂದ ಇಲ್ಲೀತನಕ ಯಾವ ಕಥಿಯಾಗೂ ಯಾರೂ ತಿರುಗಿ ಬಂದು ಒಲಿ ಮುಂದ ಕುಂತಿದ್ದಿಲ್ಲ. ಇದೊಂದರಾಗ ಬಂದ್ಲು. ಆ ಹಾಳಿ ನಾ ಏಳು ಸಲ ಓದೀನಿ. ತಪ್ಪಾಗೇ ಬಂದಿರ್ಲಿ, ಬಂದಾಳ. ಆಕಿನ್ನ ಮತ್ತ ಕಳಸಬ್ಯಾಡ ಅಂತ ನಿಮ್ಮಪ್ಪಗ ಹೇಳು." ಸೋಡಾಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ ಅವಳು. ಇದಕ್ಕೆ ಏನು ಮಾಡಬೇಕು ಅನ್ನುವುದು ನನಗೆ ಗೊತ್ತಿಲ್ಲ, ಅದು ಬರೆಯುವವರ ಕೆಲಸ. ಹನ್ನೊಂದು ನೋಟ್‌ಬುಕ್ಕು ನಾನು ಹರಿದಿಲ್ಲ, ಚಿನ್ನಿಗೂ ಕೊಟ್ಟಿಲ್ಲ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಇನ್ನು ಗ್ಯಾಸಿನ ಮಾತು. ನೀವು ಒಂದು ಸಲ ಮರೆತಿರಿ. ನಾನು ಈ ತಿಂಗಳಲ್ಲೇ ನಾಲ್ಕು ಸಲ ಹಾಲು ಉಕ್ಕಿಸಿದ್ದೇನೆ, ಒಮ್ಮೆ ಕೂಸಿನ ಟೋಪಿಯನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಚಿನ್ನಿಯನ್ನು ಸುಮಂಗಲಾ ಅಂತ ಕರೆದಿರಿ. ಅವಳು ನಿದ್ದೆಯಲ್ಲಿ ಹುಬ್ಬು ಗಂಟಿಕ್ಕಿದಾಗ ನನ್ನ ಬಾಯಿಗೂ ಅವ್ವನ ಹೆಸರೇ ಬರುತ್ತದೆ, ಅದೇ ಹುಬ್ಬು. ನಿಮಗೆ ಇನ್ನೂ ಅನುಮಾನ ಇದ್ದರೆ ಡಾಕ್ಟರ ಹತ್ತಿರ ಹೋಗೋಣ, ಚೀಟಿ ಇಬ್ಬರದ್ದೂ ಮಾಡಿಸೋಣ. ನಾಳೆ ನಿಜವಾಗಿಯೇ ಮರೆವು ಬಂದರೂ ಬರಲಿ, ಅವತ್ತಿಗೆ ಅವತ್ತು ನೋಡಿಕೊಂಡರಾಯಿತು. ಆದರೆ ಆರು ಭಾಗ, ಸುಮಾರು ಐದು ಸಾವಿರ ಪುಟ, ಇನ್ನೂರು ಹೆಸರು, ಒಂದು ಎಳೆ ತಪ್ಪದೆ ತಲೆಯಲ್ಲಿ ಇಟ್ಟುಕೊಂಡು ಬರೆದವರು ನೀವು. ಕೂತು ಸಾಲುಸಾಲಾಗಿ ಹೊಂದಿಸಿ ನೋಡಿದವಳು ನಾನು. ಇದರಲ್ಲಿ ನಿಮ್ಮ ಮಾತಿಗಿಂತ ನನ್ನ ಮಾತಿಗೆ ಬೆಲೆ ಜಾಸ್ತಿ.

ಇದೇ ತಿಂಗಳ ಮೂವತ್ತು, ಭಾನುವಾರ ಮಧ್ಯಾಹ್ನ ಮೂರಕ್ಕೆ ವಿಹಾರದ ಅಂಗಳದಲ್ಲಿ ಮತ್ತೆ ಪಂಚಾಯ್ತಿ. ಎಲ್ಲರಿಗೂ ಹೇಳಿ ಆಗಿದೆ. ಈ ಸಲ ಬರೆದವರು ಬಾಯಿ ಬಿಡಬಹುದು ಅಂತ ನಿಯಮ ಸಡಿಲ ಮಾಡಿಸಿದ್ದೇನೆ. ಕಂಪ್ಲಿಯಿಂದ ಹನ್ನೊಂದರ ಬಸ್ ಹತ್ತಿದರೆ ಊಟಕ್ಕೆ ಮನೆಗೆ ಬರುತ್ತೀರಿ. ಅಡುಗೆ ನಾನೇ ಮಾಡುತ್ತೇನೆ, ನಿಮ್ಮ ಮೆಣಸಿನ ಸಾರು ಬೇಡ.

ಯಮನಮ್ಮತ್ತೆಗೆ ನನ್ನ ನಮಸ್ಕಾರ, ಅಳಿಯಂದಿರ ನಮಸ್ಕಾರ. ನಿಮಗೆ ನಿಮ್ಮ ಮೊಮ್ಮಗಳ ಜೊಲ್ಲಿನ ಗುರುತು ಈ ಹಾಳೆಯ ಮೂಲೆಯಲ್ಲೇ ಇದೆ, ಬೇಕಂತ ಒರೆಸಿಲ್ಲ. ಜೈ ಭೀಮ್.

ನಿಮ್ಮ ಮಗಳು
ಸಂಘಮಿತ್ರಾ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಚಿನ್ನಿ ಎದ್ದಿದ್ದಾಳೆ, ಜಲ್ದಿ ಬರೆಯುತ್ತಿದ್ದೇನೆ. ಗಾದಿಲಿಂಗಣ್ಣ ಇನ್ನೊಂದು ಮಾತು ಅಂದಿದ್ದರು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. "ಈ ಸಲ ನೀವೇ ಕಟ್ಟಿ ತಂದು ಕೊಟ್ಟಿದ್ರಲ್ಲ ತಂಗಿ, ಹೆರಿಗಿ ಹತ್ರ ಇತ್ತು ನಿಮಗ." ಹೌದು. ಆ ಬೇಸಿಗೆ ಪಂಪೇಶರಿಗೆ ಓವರ್‌ಟೈಮ್ ಇತ್ತು, ಅಪ್ಪಾಜಿಯ ಪುಸ್ತಕ ನಾನೇ ಬಿಚ್ಚುತ್ತೇನೆ ಅಂದಿದ್ದೆ. ಹೊಟ್ಟೆ ಅಡ್ಡ ಬಂದು ಬಗ್ಗಲು ಆಗದೆ ಕಟ್ಟುಗಳನ್ನು ಕಾಲಿನಿಂದ ಸರಿಸಿ ಒಂದರ ಮೇಲೊಂದು ಇಟ್ಟದ್ದು ನಾನು. ಅಂಗಡಿಗೆ ಹೋಗುವವರೆಗೆ ನನಗೇ ಅದು ನೆನಪಿರಲಿಲ್ಲ, ನೆನಪಾದ ಮೇಲೆ ಆರು ದಿನ ಮುಚ್ಚಿಟ್ಟಿದ್ದೇನೆ. ಮೂವತ್ತನೇ ತಾರೀಖು ಎಲ್ಲರ ಮುಂದೆ ಎದ್ದು ಹೇಳುತ್ತೇನೆ, ಮೊದಲು ನಿಮಗೆ ಹೇಳಿದ್ದೇನೆ. ಒಂದು ಪುಸ್ತಕದಲ್ಲಿ ತಪ್ಪು ಮಾಡಿದವರ ಕೈಗೆ ಕೂಸು ಕೊಡಬಾರದು ಅಂದಿರಿ. ಆ ತಪ್ಪು ಮಾಡಿದವಳ ಕೈಯಲ್ಲೇ ನಿಮ್ಮ ಮೊಮ್ಮಗಳು ಐದೂವರೆ ತಿಂಗಳಿಂದ ಇದ್ದಾಳೆ, ಬೋರಲು ಬೀಳುತ್ತಾಳೆ, ಆರು ಕಿಲೋ ನಾನೂರು ಗ್ರಾಂ ಇದ್ದಾಳೆ. ಆದರೆ ಕೈ ಎರಡೇ ಅಪ್ಪಾಜಿ, ಸೋತಿವೆ. ನಿಮ್ಮವೂ ಬೇಕು.